ಹುಣಸೆಮರದ ಕೆಳಗೆ ಕಾದವರು

ನಾನು ಚಿಕ್ಕವನಿದ್ದಾಗ ಊರಿನ ಸುದ್ದಿ ಕಿವಿಗಿಂತ ಮೊದಲು ಎದೆಗೆ ಬಂದು ತಾಕುತ್ತಿತ್ತು. ಕೇರಿಯ ತಮಟೆಯಣ್ಣ ಬೀದಿಯ ತಿರುವಿನಲ್ಲಿ ನಿಂತು ಎರಡು ಏಟು ಹೊಡೆದರೆ ಸಾಕು, ನಾವು ಮಕ್ಕಳೆಲ್ಲ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಓಡುತ್ತಿದ್ದೆವು.

ಆ ಬೇಸಿಗೆಯಲ್ಲಿ ತಮಿಳು ಸೀಮೆಗೆ ಸೇರಿದ ನಮ್ಮ ಕೆಲಮಂಗಲದ ಸುತ್ತ ಕಾಲರಾ ಹಬ್ಬಿತ್ತು. ಸಮುದ್ರ ದಾಟಿ, ದೇಶ ದೇಶ ಸುತ್ತಿಕೊಂಡು ಬಂದ ರೋಗವಂತೆ ಅದು. ಬೆಳಿಗ್ಗೆ ಎತ್ತು ಹೊಡೆದುಕೊಂಡು ಹೋದವರು ವಾಂತಿಭೇದಿಯಾಗಿ ಸಂಜೆಗೆ ಇರುತ್ತಿರಲಿಲ್ಲ. ಅಮ್ಮ ನೀರು ಕಾಯಿಸದೆ ನಮಗೆ ಒಂದು ಗುಟುಕೂ ಕೊಡುತ್ತಿರಲಿಲ್ಲ.

“ನಾಳೆ ಗುಡಿ ತಾವ ಸೂಜಿ ಹಾಕ್ತಾರಂತೆ ಕಣ್ರಪ್ಪೋ! ಹೆಂಗಸ್ರು, ಮಕ್ಳು, ಎಲ್ಲಾರೂ ಬರ್ಬೇಕಂತೆ!” ಎಂದು ತಮಟೆಯಣ್ಣ ಸಾರಿದ. ಅವನ ಹಿಂದೆ ಅವನ ಮಗಳೂ ಇದ್ದಳು. ಕೆರೆ ಏರಿಯ ಮೇಲೆ ನಾವಿಬ್ಬರೂ ಒಟ್ಟಿಗೆ ಆಡು ಮೇಯಿಸುತ್ತಿದ್ದೆವು. ಹುಣಸೆಕಾಯಿಗೆ ಗುರಿಯಿಟ್ಟು ಕಲ್ಲು ಹೊಡೆಯುವುದರಲ್ಲಿ ಅವಳ ಮುಂದೆ ನಾನು ಏನೇನೂ ಅಲ್ಲ.

ಮರುದಿನ ಕೃಷ್ಣಗಿರಿಯಿಂದ ಜೀಪು ಬಂತು. ಗುಡಿಯ ಜಗಲಿಯ ಮೇಲೆ ಮೇಜು ಹಾಕಿದರು. ಸಣ್ಣ ಒಲೆಯ ಮೇಲೆ ಸೂಜಿಗಳು ಕುದಿಯುತ್ತಿದ್ದವು, ಸ್ಪಿರಿಟ್ಟಿನ ವಾಸನೆ ಮೂಗಿಗೆ ಅಡರಿತ್ತು. ಬಂದ ಹೆಲ್ತ್ ಇನ್‌ಸ್ಪೆಕ್ಟರಿಗೆ ತಮಿಳು ಬಿಟ್ಟರೆ ಬೇರೆ ಮಾತು ಬಾರದು. ನಮ್ಮ ಅಪ್ಪನಿಗೆ ತಮಿಳು ಬರುತ್ತಿತ್ತು. ಹಾಗಾಗಿ ಅಂದಿನ ಯಜಮಾನಿಕೆಯೆಲ್ಲ ಅಪ್ಪನದೇ. ಮುದುಕರ ಕೈಹಿಡಿದು ಕೂರಿಸಿದರು, ಓಡಿಹೋದವರನ್ನು ಅಟ್ಟದಿಂದ ಇಳಿಸಿ ಕರೆತಂದರು. ನಾನು ಕಂಬ ತಬ್ಬಿಕೊಂಡು ಕೂಗಾಡಿದೆ.

“ಇರುವೆ ಕಚ್ಚಿದಂಗೆ ಅಷ್ಟೇ ಕಣ್ಲಾ, ಸುಮ್ನಿರು,” ಎಂದು ಅಕ್ಕ ನನ್ನನ್ನು ಹಿಡಿದುಕೊಂಡಳು. ಇರುವೆಯಂತೆ! ತೋಳು ಉರಿದುಹೋಯಿತು.

ಕೇರಿಯವರು ಗುಡಿಯ ಜಗಲಿ ಹತ್ತುವಂತಿರಲಿಲ್ಲ. ಅವರೆಲ್ಲ ದೂರದಲ್ಲಿ, ಹೊಲದ ಬದುವಿನ ಹುಣಸೆಮರದ ಕೆಳಗೆ ಕುಳಿತು ಕರೆಗಾಗಿ ಕಾಯುತ್ತಿದ್ದರು. ತಮಟೆಯಣ್ಣನ ಮಗಳು ಅಲ್ಲಿಂದಲೇ ಕೈ ಬೀಸಿದಳು. ನಾನು ತೋಳು ಉಜ್ಜಿಕೊಂಡು ಮುಖ ಕಿವಿಚಿ ತೋರಿಸಿದೆ. ಅವಳು ಬಿದ್ದೂ ಬಿದ್ದೂ ನಕ್ಕಳು.

ಹೊತ್ತು ಇಳಿಯುವ ವೇಳೆಗೆ ಜಗಲಿ ಖಾಲಿಯಾಯಿತು. ನಮ್ಮ ಬಾವಿಗೆ ಬಿಳಿ ಪುಡಿ ಹಾಕಿದ್ದೂ ಆಯಿತು. ಕೇರಿಯವರು ನೀರು ತರುವ ಕುಂಟೆಯ ಕಡೆ ಯಾರೂ ಹೋಗಲಿಲ್ಲ. ಎಲ್ಲರೂ ಬಂದಾಯಿತೇ ಎಂದು ಇನ್‌ಸ್ಪೆಕ್ಟರು ಕೇಳಿದರು: “ಎಲ್ಲಾರುಂ ವಂದಾಚ್ಚಾ?”

“ವಂದಾಚ್ಚು ಸಾರ್,” ಎಂದರು ಅಪ್ಪ.

ನಾನು ಅಪ್ಪನ ಪಕ್ಕದಲ್ಲೇ ಇದ್ದೆ. ಹುಣಸೆಮರ ನನಗೆ ಕಾಣುತ್ತಲೇ ಇತ್ತು. ದೊಡ್ಡವರ ಮಾತಿನ ನಡುವೆ ಬಾಯಿ ಹಾಕಿದರೆ ಏಟು ಬೀಳುತ್ತದೆಂದು ಸುಮ್ಮನಿದ್ದೆ. ಜೀಪು ಧೂಳೆಬ್ಬಿಸಿಕೊಂಡು ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ತಮಟೆಯಣ್ಣ ಬಂದು ದೂರದಲ್ಲಿ ನಿಂತ. “ಗೌಡ್ರೇ, ನಮ್ಮೋರು ಬೆಳಿಗ್ಗಿಂದ ಕುಂತವ್ರೆ. ನಮ್ನ ಯಾವಾಗ ಕರೀತಾರೆ?”

ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡರು. “ಅಯ್ಯೋ ಶಿವ್ನೇ, ನಿಮ್ಮ ಗ್ಯಾನಾನೇ ಬರ್ಲಿಲ್ವಲ್ಲೋ!”

ಅದು ನಾಟಕವಲ್ಲ ಮಕ್ಕಳೇ. ಅಪ್ಪ ಕೆಟ್ಟವರಾಗಿರಲಿಲ್ಲ. ಊರೆಲ್ಲ ಕೇಳುವಂತೆ ಸಾರಿ ಹೋದವನೇ ಅಪ್ಪನಿಗೆ ನೆನಪಾಗಲಿಲ್ಲ. ನನಗೆ ಇವತ್ತಿಗೂ ನುಂಗಲಾಗದ ತುತ್ತು ಅದೇ. ಅಪ್ಪ ಸೈಕಲ್ ಹತ್ತಿ ಜೀಪಿನ ಹಿಂದೆ ಹೋದರು, ಸಿಗಲಿಲ್ಲ. ಬಸ್ಸು ಹಿಡಿದು ಕೃಷ್ಣಗಿರಿಗೂ ಹೋದರು. ಜೀಪು ಮತ್ತೆ ಬಂದಾಗ ಒಂದು ವಾರ ಕಳೆದಿತ್ತು. ಅಷ್ಟರಲ್ಲಿ ರೋಗ ಕೇರಿಗೆ ಬಂದು ಹೋಗಿತ್ತು. ನನ್ನ ಜೊತೆ ಆಡು ಮೇಯಿಸುತ್ತಿದ್ದವಳೂ ಹೋದಳು. ಬಹಳ ದಿನ ಊರಲ್ಲಿ ತಮಟೆ ಕೇಳಲಿಲ್ಲ. ಸುದ್ದಿಗಳು ಇದ್ದವು, ಸಾರುವವನಿಗೆ ಕೈ ಏಳುತ್ತಿರಲಿಲ್ಲ.

ನಿಮ್ಮ ಕಾಲದಲ್ಲಿ ತಮಟೆ ಇಲ್ಲ, ಸುದ್ದಿ ಫೋನಿಗೇ ಬರುತ್ತದೆ. ಕೊರೊನಾ ಬಂದಾಗ ನಿಮ್ಮಪ್ಪನಿಗೆ ಹೊಸೂರಿನ ಫ್ಯಾಕ್ಟರಿಯಲ್ಲೇ ಲಸಿಕೆ ಹಾಕಿದರು. ನನಗೆ ಇಲ್ಲಿ, ಉದ್ದನಪಲ್ಲಿಯ ಶಾಲೆಯಲ್ಲಿ. ನನಗೂ ತಮಿಳು ಬರುತ್ತದಲ್ಲ, ಆ ದಿನ ನರ್ಸಮ್ಮನ ಪಕ್ಕ ನಾನೇ ಯಜಮಾನ. ನಿಮ್ಮಲ್ಲಿ ದೊಡ್ಡವಳು ನನ್ನ ಕೈ ಹಿಡಿದು ನಿಂತಿದ್ದಳು. ಐಸ್ ಪೆಟ್ಟಿಗೆ ಮುಚ್ಚುತ್ತಾ ನರ್ಸಮ್ಮ ಕೇಳಿದರು: “ಎಲ್ಲಾರುಂ ವಂದಾಚ್ಚಾ ತಾತಾ?”

“ವಂದಾಚ್ಚಮ್ಮಾ,” ಎಂದುಬಿಟ್ಟೆ.

“ಇಲ್ಲ ತಾತ, ರೋಜಾ ತೋಟದ ಶೆಡ್ನೋರು ಬಂದಿಲ್ಲ,” ಎಂದಳು ಅವಳು.

ಉತ್ತರದ ಕಡೆಯಿಂದ ಹೂ ಕೊಯ್ಯಲು ಬಂದವರು ಅವರು. ದಿನಾ ನಮ್ಮ ಬೋರ್‌ವೆಲ್ಲಿನಲ್ಲೇ ನೀರು ಹಿಡಿಯುತ್ತಿದ್ದರು. ಫೋನಿಗೆ ಬಂದ ಸುದ್ದಿ ಅವರ ಭಾಷೆಯಲ್ಲಿರಲಿಲ್ಲ, ಯಾರೂ ಹೋಗಿ ಹೇಳಿರಲೂ ಇಲ್ಲ. ನನಗೂ ಅವರ ನೆನಪಾಗಿರಲಿಲ್ಲ. ಹೌದು, ನನಗೇ.

ನರ್ಸಮ್ಮ ಪೆಟ್ಟಿಗೆ ಮತ್ತೆ ತೆರೆದು ನೋಡಿದರು. ನಾಲ್ಕು ಜನಕ್ಕೆ ಸಾಲುವಷ್ಟಿತ್ತು, ಶೆಡ್ಡಿನಲ್ಲಿ ಇಪ್ಪತ್ತು ಜನ ಇದ್ದರು. ಮೊದಲು ವಯಸ್ಸಾದವರನ್ನು ಕರೆದುಕೊಂಡು ಬನ್ನಿ ಎಂದರು. ನಾನು ಅವಳ ಕೈ ಹಿಡಿದು ಶೆಡ್ಡಿನ ಕಡೆ ಓಡುನಡಿಗೆಯಲ್ಲಿ ಹೊರಟೆ. ಅವರ ಮಾತು ನನಗೆ ಬಾರದು. ಅವರ ಮಕ್ಕಳ ಜೊತೆ ಆಡಿ ಆಡಿ ಅವಳಿಗೆ ಬರುತ್ತಿತ್ತು.