ಆನೆಕಿವಿ ಕೇಸಿನ ಸಾಹೇಬರು

ಸಾಹೇಬರ ಗಡ್ಡ ಎರಡು ಅಂತಸ್ತಿನದು. ಬುಡದಲ್ಲಿ ಅಪ್ಪಟ ಬಿಳಿ, ತುದಿಯಲ್ಲಿ ಹಬ್ಬಕ್ಕೊಮ್ಮೆ ಹಚ್ಚುವ ಮೆಹಂದಿಯ ಕೆಂಪು. ನಡುವಿನ ಗಡಿರೇಖೆ ಎಷ್ಟು ಇಳಿದಿದೆ ಎಂದು ನೋಡಿಯೇ ಹಬ್ಬ ಎಷ್ಟು ಹತ್ತಿರ ಬಂದಿದೆ ಎಂದು ಹೇಳಬಹುದಿತ್ತು.

ಪಿಲ್ಲಗುಂಪೆಯ ನಮ್ಮ ಬಿಡಿಭಾಗಗಳ ಕಾರ್ಖಾನೆಯಲ್ಲಿ ಅವರು ಕಂಪ್ಯೂಟರ್ ಸೆಕ್ಷನ್ನಿನ ಮುಖ್ಯಸ್ಥರು. ನಾನು ಗೋಡೆಯಾಚೆಯ ಡ್ರಾಯಿಂಗ್ ಸೆಕ್ಷನ್ನಿನವನು. ವಿನಯವೆಂಬುದು ಅವರ ಹತ್ತಿರ ಸುಳಿದದ್ದನ್ನು ಕಂಡವರಿಲ್ಲ. ಕೀಬೋರ್ಡಿನ ಪಕ್ಕ ಯಾರಾದರೂ ಟೀ ಲೋಟ ಇಟ್ಟರೆ, ಲೋಟದ ಬದಲು ಮನುಷ್ಯನನ್ನೇ ಎತ್ತಿ ಆಚೆಗಿಡುವವರಂತೆ ನೋಡುತ್ತಿದ್ದರು. ಹೊಸಕೋಟೆಯ ಮನೆಯಿಂದ ತಂದ ಊಟದ ಡಬ್ಬಿಯನ್ನು ಮಾತ್ರ ಎಲ್ಲರ ಮುಂದೆ ತೆರೆದಿಟ್ಟು, "ಮೊದ್ಲು ತಿನ್ನಿ, ಆಮೇಲೆ ಬೈತೀನಿ" ಎನ್ನುವರು. ಎರಡರಲ್ಲೂ ಮಾತು ತಪ್ಪಿದವರಲ್ಲ.

ಸರ್ವರಿನಲ್ಲಿ ನಕ್ಷೆಗಳನ್ನು ಎರಡು ಪದರವಾಗಿ ಇಟ್ಟವರು ಅವರೇ. ಕೆಳಪದರ ಮೂಲ, ನೋಡಬಹುದು, ಮುಟ್ಟುವಂತಿಲ್ಲ. ಯಾರಾದರೂ ತಿದ್ದಿದರೆ ಆ ಫೈಲಿನ ಒಂದು ಪ್ರತಿ ಮೇಲ್ಪದರಕ್ಕೆ ಬಂದು, ಗೀಚಾಟವೆಲ್ಲ ಅದರ ಮೇಲೆ ನಡೆಯುತ್ತಿತ್ತು. ಹೊಸಬರು ಬಂದರೆ ಹಳೆಯ ನಕ್ಷೆಯೊಂದರ ಮೇಲೆ ಬಟರ್ ಪೇಪರ್ ಹಾಸಿ ಪೆನ್ಸಿಲ್ ಕೊಡುವರು: "ಗೀಚು ಗುರು, ಎಷ್ಟ್ ಬೇಕಾದ್ರೂ ಗೀಚು. ಕೆಳಗಿರೋದು ನಂದು."

ನಮ್ಮಲ್ಲಿ ಪ್ರತಿ ಬಿಡಿಭಾಗಕ್ಕೂ ಎರಡು ಹೆಸರು. ಗ್ರಾಹಕರು ಕೊಟ್ಟ ಉದ್ದನೆಯ ನಂಬರು ಒಂದು. ಅದನ್ನು ನಾಲಿಗೆ ಮೇಲೆ ತರಲಾರದೆ ಮೆಷಿನ್ನಿನವರು ಇಟ್ಟ ಅಡ್ಡಹೆಸರು ಇನ್ನೊಂದು. ಜಿಲೇಬಿ, ಗೂಬೆ, ಆನೆಕಿವಿ. ಸಾಹೇಬರು ಅಡ್ಡಹೆಸರುಗಳಿಗೂ ಸರ್ವರಿನಲ್ಲಿ ಜಾಗ ಕೊಟ್ಟಿದ್ದರು. ಫೈಲು ಒಂದೇ, ಬಾಗಿಲು ಎರಡು. ನಂಬರಿನಿಂದ ತೆಗೆಯಿರಿ, ಆನೆಕಿವಿ ಎಂದು ತೆಗೆಯಿರಿ, ಕಾಣುವುದು ಅದೇ ನಕ್ಷೆ. ಇಂಥ ಜೋಡಿ ಹೆಸರಿನ ಫೈಲುಗಳ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಡುತ್ತಿರಲಿಲ್ಲ. ಭಾನುವಾರ ಬಂದು, ಸರ್ವರ್ ನಿಲ್ಲಿಸಿ, ಕೆಳಪದರದಲ್ಲೇ ಮಾಡಿ ಹೋಗುವರು.

ಕಾರ್ಖಾನೆ ಕೈ ಬದಲಾಯಿತು. ಹೊಸ ಮ್ಯಾನೇಜರರು ಬಂದರು. ಹೊಸ ಮಾಲೀಕರು ನೋಡಲು ಬರುವ ಮೊದಲು ಎಲ್ಲ ನಂಬರುಗಳ ಹಿಂದೆ ಹೊಸ ಕಂಪನಿಯ ಅಕ್ಷರಗಳು ಅಂಟಬೇಕೆಂದು ಅಪ್ಪಣೆ ಹೊರಟಿತು. ಸಾಹೇಬರು ಎರಡು ದಿನ ಸರ್ವರ್ ನಿಲ್ಲಿಸಲು ಕೇಳಿದರು.

"ಬರೀ ಹೆಸರು ಬದಲಾಯ್ಸೋಕೆ ಎರಡು ದಿನಾನೇನ್ರೀ?"

"ಮೇಲಿಂದ ಹೆಸರು ಬದಲಾಯ್ಸಿದ್ರೆ ಅದು ಹೆಸರು ಬದಲಾಯ್ಸಿದಂಗಲ್ಲ ಸರ್. ಇನ್ನೊಂದು ಫೈಲು ಹುಟ್ಟಿಸ್ದಂಗೆ. ಹೊಸ ಹೆಸರು ಮೇಲಿನ ಪ್ರತಿಗೆ ಹೋಗುತ್ತೆ, ಕೆಳಗಿನ ಹಳೇ ನಂಬರಿನ ಮೇಲೆ ತೇಪೆ ಬಿದ್ದು ಅದು ಮುಚ್ಚೋಗುತ್ತೆ. ಅಡ್ಡಹೆಸರು ಮಾತ್ರ ಹಳೇ ಫೈಲಿಗೇ ಅಂಟ್ಕೊಂಡಿರುತ್ತೆ. ಆಮೇಲೆ ಒಂದನ್ನ ತಿದ್ದಿದ್ರೆ ಇನ್ನೊಂದಕ್ಕೆ ಗೊತ್ತೇ ಆಗಲ್ಲ."

ಮ್ಯಾನೇಜರರು ತಾಳ್ಮೆಯಿಂದ ಕೇಳಿದರು. ಸಾಹೇಬರು ಹೆಂಡತಿಯ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದ ದಿನವೇ ಹೊರಗಿನವರೊಬ್ಬರನ್ನು ಕರೆಸಿ, ಮಧ್ಯಾಹ್ನದ ಊಟದೊಳಗೆ ಎಲ್ಲ ಹೆಸರುಗಳನ್ನೂ ಮೇಲಿಂದಲೇ ಬದಲಾಯಿಸಿದರು.

ಅದೇ ವಾರ ಗ್ರಾಹಕರು ಆನೆಕಿವಿಯ ತೂತಿನ ಅಳತೆ ಬದಲಿಸಿದರು. ಮ್ಯಾನೇಜರರ ಆಜ್ಞೆಯಂತೆ ಹೊಸ ಹೆಸರಿನ ನಕ್ಷೆಯಲ್ಲಿ ತಿದ್ದಿದ್ದೂ ಆಯಿತು. ಡ್ರಿಲ್ಲಿಂಗ್ ಆಪರೇಟರು ಎಂದಿನಂತೆ "ಆನೆಕಿವಿ" ಎಂದು ತೆಗೆದ. ಹಳೆಯ ನಕ್ಷೆ ಬಂತು. ಹಳೆಯ ಅಳತೆಗೇ ತೂತು ಹೊಡೆದ. ಲಾರಿಯಲ್ಲಿ ಹೋದ ಮಾಲು ಅದೇ ಲಾರಿಯಲ್ಲಿ ವಾಪಸಾಯಿತು.

ವಿಚಾರಣೆ ನಡೆಯಿತು. ಆಪರೇಟರು ಅಳುವುದೊಂದು ಬಾಕಿ. "ಯಾವಾಗ್ಲೂ ಹಂಗೇ ತೆಗೆಯೋದು ಸಾ..."

"ನಿಂದೇನಿಲ್ಲ ಕಣಪ್ಪಾ, ಕೂತ್ಕೋ" ಎಂದರು ಸಾಹೇಬರು.

ಮ್ಯಾನೇಜರರು ಕೇಳಿದ್ದು ಒಂದೇ ಪ್ರಶ್ನೆ: "ಒಂದು ಫೈಲಿಗೆ ಎರಡು ಹೆಸರು ಕೊಟ್ಟೋರ್ಯಾರು?"

"ನಾನೇ."

"ಅಷ್ಟೇ ಮತ್ತೆ."

ನಾನು ಎದ್ದು, ಇವರು ಬೇಡವೆಂದಿದ್ದರು, ಬದಲಾಯಿಸಿದವರು ಬೇರೆ ಎಂದೆ. "ನೋಟೆಡ್" ಎಂದರು ಮ್ಯಾನೇಜರರು. ಪೆನ್ನಿನ ಕ್ಯಾಪು ತೆಗೆಯಲಿಲ್ಲ.

ಸಾಹೇಬರ ಆರೋಗ್ಯದ ಬಗ್ಗೆ ಆಡಳಿತಕ್ಕೆ ಇದ್ದಕ್ಕಿದ್ದಂತೆ ಕಳಕಳಿ ಹುಟ್ಟಿತು. ಅವಧಿಗೆ ಮುಂಚೆಯೇ ನಿವೃತ್ತಿ. ಬೆನ್ನಿಗೆ ಕೈಹಾಕಿ ಆಚೆ ತಳ್ಳಿದವರೇ ಎದುರು ಬಂದು ಹಾರ ಹಾಕುವುದು ನಮ್ಮ ಸನ್ಮಾನ ಸಮಾರಂಭಗಳ ಭವ್ಯ ಸಂಪ್ರದಾಯ. ಅದಕ್ಕೂ ಲೋಪ ಬರಲಿಲ್ಲ. ಶಾಲು ಹೊದಿಸಿಕೊಂಡು ಸಾಹೇಬರು, "ಶೆಕೆ ಆಗ್ತಿದೆ" ಎಂದು ತೆಗೆದು ಕುರ್ಚಿಯ ಮೇಲೆ ಹಾಕಿ ಹೊರಟರು. ಅವರು ಹೋದ ಮೇಲೆ ಎರಡು ದಿನ ಸರ್ವರ್ ನಿಲ್ಲಿಸಿ, ಅವರು ಹೇಳಿದಂತೆಯೇ ಕೆಳಪದರದಲ್ಲಿ ಹೆಸರುಗಳನ್ನು ಸರಿಪಡಿಸಿದರು. ಅದಕ್ಕೆ 'ಸುಧಾರಣಾ ಯೋಜನೆ' ಎಂದು ನಾಮಕರಣವಾಗಿ ಮ್ಯಾನೇಜರರಿಗೆ ಪ್ರಶಸ್ತಿ ಬಂತು. ಚಪ್ಪಾಳೆ ಚೆನ್ನಾಗಿತ್ತು.

ಮರುವರ್ಷ ಎದೆನೋವು ಬಂದು ಸಾಹೇಬರು ಹೋಗಿಬಿಟ್ಟರು. ಕಾರ್ಖಾನೆಯ ವಾಟ್ಸಾಪ್ ಗುಂಪಿನಲ್ಲಿ ಮ್ಯಾನೇಜರರು ಸಂತಾಪ ಬರೆದರು: "ಕೊನೆಯಲ್ಲಿ ಆದ ಒಂದು ತಪ್ಪನ್ನು ಬಿಟ್ಟರೆ ಮಾದರಿ ನೌಕರ." ಮಣ್ಣು ಮುಗಿದ ಮೇಲೆ ಮನೆಗೆ ಹೋದೆ. ಸಾಹೇಬರ ಹೆಂಡತಿ ಫೋನನ್ನು ನನ್ನ ಮುಂದೆ ಹಿಡಿದರು.

"ಭಾಯ್, ಇವ್ರದ್ದೇ ತಪ್ಪಾ?"

"ಇಲ್ಲಮ್ಮಾ."

"ಹಂಗಾದ್ರೆ ಆ ಒಂದು ಮಾತು ತೆಗೆಸ್ಬಿಡಿ. ಬೇರೇನೂ ಬೇಡ ನಮಗೆ."

ಮಾರನೆಯ ದಿನ ಮ್ಯಾನೇಜರರ ಕೋಣೆಗೆ ಹೋದೆ. ಟೀ ತರಿಸಿದರು. "ಹೋದೋರ ವಿಷಯ ಯಾಕ್ರೀ ಕೆದಕೋದು, ಬಿಡಿ" ಎಂದರು. ಆ ಮಾತು ಇವತ್ತಿಗೂ ಅಲ್ಲೇ ಇದೆ.

ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ: ಆನೆಕಿವಿ ಕೇಸಿನಲ್ಲಿ ತಪ್ಪು ಸಾಹೇಬರದಲ್ಲ. ಅವರು ಬೇಡವೆಂದಿದ್ದರು. ಮನೆಯವರು ನಾಲ್ಕು ಜನರಿಗೆ ಓದಿ ಹೇಳುವುದಕ್ಕೆ ಇಷ್ಟಾದರೂ ಅಚ್ಚಿನಲ್ಲಿರಲಿ.