ಅಪ್ಪನ ಜೇಬಿನಲ್ಲಿದ್ದ ಒಪ್ಪಿಗೆ

ನಮ್ಮ ಮನೆಗೆ ಅತಿಥಿಗಳು ಬಂದರೆ, ಅವರು ಕಾಫಿ ಲೋಟ ಕೆಳಗಿಡುವ ಮೊದಲೇ ಮಗಳು ಇಳಾ ಹಾಡಬೇಕು. "ಹಾಡ್ತೀಯಾ ಪುಟ್ಟಿ?" ಎಂದು ಅವರು ಕೇಳುವುದು ಅವಳನ್ನು, "ಓಹೋ, ಹಾಡ್ತಾಳೆ!" ಎಂದು ಉತ್ತರಿಸುವುದು ನಾನು. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ, ಸುಳ್ಳು ಹೇಳಬೇಡಿ. ಮಕ್ಕಳ ಬಾಯಿ ಇರುವುದು ಉಣ್ಣುವುದಕ್ಕೆ, ಅದರಿಂದ ಹೊರಡಬೇಕಾದ ಮಾತು ಮಾತ್ರ ಹೆತ್ತವರ ಸ್ವತ್ತು ಎಂಬ ಸನಾತನ ಏರ್ಪಾಡನ್ನು ಮೈಸೂರಿನಿಂದ ದುಬೈಗೆ ಉಪ್ಪಿನಕಾಯಿ ಭರಣಿಯ ಜೊತೆಗೇ ಹೊತ್ತು ತಂದವರು ನಾವು.

ಎರಡು ಸಾವಿರದ ಹದಿನೈದರ ಸುಮಾರು. ಇಳಾಗೆ ಹನ್ನೊಂದು ವರ್ಷ. ವರ್ಷವಿಡೀ ಬಿಸಿಲು ಸುರಿಯುವ ಈ ಊರಿನಲ್ಲಿ ಎ.ಸಿ.ಯೊಳಗೇ ಬೆಳೆಯುವ ಮಕ್ಕಳ ಮೈಗೆ ಬಿಸಿಲಿನ ಸತ್ವ, ಅಂದರೆ ವಿಟಮಿನ್ ಡಿ, ಎಷ್ಟು ದಕ್ಕಿದೆ ಎಂದು ತಿಳಿಯುವ ಸಂಶೋಧನೆಯೊಂದು ಅಲ್ ಬರ್ಷಾ ಬಡಾವಣೆಯ ನಮ್ಮ ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ನಡೆಯುತ್ತಿತ್ತು. ಒಂದಿಷ್ಟು ರಕ್ತ ಕೊಡಬೇಕು, ಅಷ್ಟೇ. ವಿಜ್ಞಾನದ ಮೇಲಿನ ಭಕ್ತಿಯಿಂದ, ರಕ್ತ ನನ್ನದಲ್ಲವಾದ್ದರಿಂದ ಇನ್ನಷ್ಟು ಉದಾರವಾಗಿ, ಒಪ್ಪಿಗೆ ಪತ್ರಕ್ಕೆ ಸಹಿ ಗೀಚಿದೆ.

ಅಲ್ಲಿದ್ದ ಮಂಗಳೂರಿನ ಡಾಕ್ಟರಮ್ಮ ಸಹಿ ನೋಡಿಯೂ ಸೂಜಿ ಎತ್ತಲಿಲ್ಲ. ಇಳಾಳ ಎದುರು ಕೂತು ಎಲ್ಲವನ್ನೂ ವಿವರಿಸಿ, "ನಿನಗೆ ಇಷ್ಟ ಉಂಟಾ? ಬೇಡ ಅಂತಲೂ ಹೇಳಬಹುದು" ಎಂದರು.

"ಓಹೋ, ಕೊಡ್ತಾಳೆ!" ಎಂದೆ ನಾನು, ಅಭ್ಯಾಸಬಲ.

"ನೋ. ಬೇಡ," ಎಂದಳು ಇಳಾ.

ನನ್ನ ಮಾನ ಹರಾಜಾಯಿತು. ಕಣ್ಣು ಕೆಕ್ಕರಿಸಿದೆ, ಐಸ್‌ಕ್ರೀಮಿನ ಆಸೆ ತೋರಿಸಿದೆ. ಕೊನೆಗೆ ಅವಳು ತಲೆ ತಗ್ಗಿಸಿ "ಓಕೆ" ಎಂದಾಗ ಗೆದ್ದೆನೆಂದು ಬೀಗಿದೆ. ಡಾಕ್ಟರಮ್ಮ ಕೈಗವಸು ಕಳಚಿಟ್ಟರು.

"ಈ ಓಕೆ ನಿಮ್ಮದು ಮಾರಾಯ್ರೇ. ನನಗೆ ಅವಳದ್ದು ಬೇಕಿತ್ತು. ಖಲಾಸ್, ಬಿಡಿ." ಆಮೇಲೆ ಇಳಾಳತ್ತ ತಿರುಗಿ, "ಹೇಳಿದ್ದಕ್ಕೆ ಥ್ಯಾಂಕ್ ಯೂ ಆಯ್ತಾ," ಎಂದು ನಕ್ಕು ಕಳಿಸಿಕೊಟ್ಟರು.

ಬೇಡವೆನ್ನುವ ದಾರಿಗಳನ್ನೆಲ್ಲ ಮುಚ್ಚಿದ ಮೇಲೆ ಹೊರಡುವ 'ಹೂಂ' ಎಂಬುದು ಒಪ್ಪಿಗೆಯೇ ಅಲ್ಲವಂತೆ ಅವರ ಶಾಸ್ತ್ರದಲ್ಲಿ. ಸರಿಹೋಯಿತು! ಆ ಶಾಸ್ತ್ರ ಹಿಡಿದು ಕೂತಿದ್ದರೆ ನಮ್ಮ ವಂಶದಲ್ಲಿ ಅರ್ಧಕ್ಕರ್ಧ ಮದುವೆಗಳೇ ಆಗುತ್ತಿರಲಿಲ್ಲ, ಅಂಥ ಮದುವೆಯ ಫಲವಾದ ನಾನೂ ಇಲ್ಲಿ ಕೂತು ಪ್ರಬಂಧ ಕೊರೆಯುತ್ತಿರಲಿಲ್ಲ.

ಕಾರಿನಲ್ಲಿ ಕೇಳಿದೆ: "ಸೂಜಿಗೆ ಹೆದರಿದ್ಯೇನೇ?"

"ಇಲ್ಲಪ್ಪಾ. ಬೇಡ ಅಂದ್ರೆ ಏನಾಗತ್ತೆ ಅಂತ ನೋಡ್ದೆ."

"ಏನಾಯ್ತು?"

"ನಥಿಂಗ್! ಆಂಟಿ ಥ್ಯಾಂಕ್ ಯೂ ಅಂದ್ರು."

ಆ ದನಿಯಲ್ಲಿದ್ದ ಬೆರಗು ನನ್ನ ಎದೆಗೆ ನಾಟಿತು. ನನ್ನ ಮಗಳು ಬೇಡವೆಂದಾಗ ಯಾರೂ ಅವಳನ್ನು ಬೈಯದೇ ಇದ್ದದ್ದು ಅದೇ ಮೊದಲು.