ಕೆಂಪು ಶಾಯಿಯಲ್ಲಿ ಚಂಪಕ್ಕ

ನಿನ್ನೆ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ನನ್ನ ಕೆಂಪು ಪೆನ್ನು ಸೋರಿ ಬೆರಳೆಲ್ಲ ಕೆಂಪಾಯಿತು. ಒರೆಸಿಕೊಳ್ಳಲು ಮೇಜಿನ ಖಾನೆಯಲ್ಲಿ ಹಳೆಯ ಕಾಗದ ಹುಡುಕಿದರೆ ಸಿಕ್ಕಿದ್ದು ಚಂಪಕ್ಕನ ಕೇಸಿನ ದಾವಾಪತ್ರದ ಪ್ರತಿ. ಪ್ರತಿವಾದಿಯ ಜಾಗದಲ್ಲಿ ನಾಗರಿ ಲಿಪಿಯಲ್ಲಿ ‘ರಾಧಾಬಾಯಿ’ ಎಂದು ಟೈಪಾಗಿದೆ. ಅದರ ಮೇಲೊಂದು ಕೆಂಪು ಗೀಟು, ಪಕ್ಕದಲ್ಲಿ ಕೈಬರಹದ ‘ಚಂಪಾಬಾಯಿ’, ಅಂಚಿನಲ್ಲಿ ವಕೀಲರ ಸಹಿ. ಕೋರ್ಟು ಅಪ್ಪಣೆ ಕೊಟ್ಟ ಮೇಲೆ ಹೆಸರು ತಿದ್ದುವುದು ಹೀಗೆಯೇ, ಕೆಂಪು ಶಾಯಿಯಲ್ಲಿ. ಇಷ್ಟು ವರ್ಷ ಮಕ್ಕಳ ತಪ್ಪಿಗೆ ಕೆಂಪು ಗೀಟು ಎಳೆದವನಿಗೆ ಆ ಒಂದು ಗೀಟು ನೋಡಿ ನಾಚಿಕೆಯಾಯಿತು. ಯಾಕೆಂದು ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ನಾನು ತುಮಕೂರಿನ ಕಡೆಯವನು. ಇಲ್ಲಿ ಕಾಶಿಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮದುವೆಯಾಗಲಿಲ್ಲ, ಯಾಕೆಂದು ಕೇಳುವವರೂ ಈಗ ಸುಸ್ತಾಗಿದ್ದಾರೆ. ಗಿಡದ ಹೆಸರು ತಪ್ಪು ಬರೆದವರಿಗೆ ಮುಲಾಜಿಲ್ಲದೆ ಅಂಕ ಕಳೆಯುವ ನನ್ನ ಮನೆಯ ಬಾಗಿಲ ಮೇಲೆ, ನಾನು ಬಂದಾಗಿನಿಂದ ಹನ್ನೊಂದು ವರ್ಷವೂ ಇದ್ದದ್ದು ನನಗಿಂತ ಮುಂಚೆ ಅಲ್ಲಿದ್ದ ಪಾಂಡೆ ಎಂಬವರ ನಾಮಫಲಕ. ಹಾಲಿನವನು ‘ಪಾಂಡೆಜಿ’ ಎಂದು ಕೂಗುತ್ತಿದ್ದ, ನಾನು ‘ಹಾಂ ಜಿ’ ಎಂದು ಪಾತ್ರೆ ಹಿಡಿಯುತ್ತಿದ್ದೆ. ತಿದ್ದಬೇಕೆಂದು ಅನ್ನಿಸಲೇ ಇಲ್ಲ.

ಈ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಚಂಪಕ್ಕ ಒಬ್ಬರೇ. ಗಂಡ ತೀರಿಕೊಂಡ ಮೇಲೆ ಗದಗಿನ ಹತ್ತಿರದ ಹಳ್ಳಿಯಿಂದ ಬಂದು, ಇನ್ನು ಕಾಶಿ ಬಿಟ್ಟು ಹೊರಗೆ ಕಾಲಿಡುವುದಿಲ್ಲವೆಂದು ಸಂಕಲ್ಪ ಮಾಡಿದವರು. ಕೇದಾರ ಘಾಟಿನ ಗಲ್ಲಿಯೊಂದರ ಮಹಡಿಯಲ್ಲಿ ಅವರ ಕೋಣೆ. ಕಿಟಕಿಯಲ್ಲಿ ಅಂಗೈಯಗಲ ಗಂಗೆ ಕಾಣುತ್ತಿತ್ತು. ಭಾನುವಾರ ಹೋದರೆ ಒಗ್ಗರಣೆ ಅವಲಕ್ಕಿ, ಜೊತೆಗೆ ಈ ಊರಿನ ಸಾಸಿವೆ ಎಣ್ಣೆಯ ಮೇಲೆ ಬೈಗುಳ. ನನ್ನ ಕನ್ನಡವನ್ನು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಎಂದೇ ಹೋಗುತ್ತಿದ್ದೆ.

ಆ ಕೋಣೆ ಮೊದಲು ರಾಧಾಬಾಯಿಯವರದು. ಅಲ್ಲಿನ ರೂಢಿ ಹಾಗೆ: ಹೊಸದಾಗಿ ಬಂದವರು ಕೋಣೆಯಲ್ಲಿದ್ದ ಮುದುಕಿಯ ಆರೈಕೆ ಮಾಡುವುದು, ಅವರು ಹೋದ ಮೇಲೆ ಅಲ್ಲೇ ಉಳಿಯುವುದು. ಬಾಡಿಗೆ ರಸೀದಿ ಮಾತ್ರ ಹಳೆಯ ಹೆಸರಿನಲ್ಲೇ. ಗಲ್ಲಿಯವರೂ ಚಂಪಕ್ಕನನ್ನು ‘ರಾಧಾ ಮಾಯಿ’ ಎನ್ನುತ್ತಿದ್ದರು. ಹಳೆಯ ಮಾಲೀಕನಿಗೆ ಇದೆಲ್ಲ ಗೊತ್ತಿತ್ತು. ಅವನು ಸತ್ತ ಮೇಲೆ, ಬೇರೆ ಊರಲ್ಲಿ ಬೆಳೆದ ಮಗನಿಗೆ ಮನೆಯನ್ನು ಲಾಡ್ಜ್ ಮಾಡುವ ಆಸೆ ಬಂತು. ರಸೀದಿ ನೋಡಿ ಕೋಣೆ ಬಿಡಿಸಲು ದಾವೆ ಹಾಕಿದ. ಸತ್ತು ಹದಿನಾಲ್ಕು ವರ್ಷವಾದ ರಾಧಾಬಾಯಿಗೆ ಸಮನ್ಸ್ ಬಂತು.

ನಾನೇ ಚಂಪಕ್ಕನನ್ನು ವಕೀಲರ ಹತ್ತಿರ ಕರೆದುಕೊಂಡು ಹೋದೆ. ಅವರು ಕಾಗದ ನೋಡಿ ದನಿ ತಗ್ಗಿಸಿದರು. “ದೇಖಿಯೇ ಡಾಕ್ಟರ್ ಸಾಬ್, ಹೆಸರಿನ ಗೊಡವೆಗೆ ಹೋಗಬೇಡಿ. ರಾಧಾಬಾಯಿ ಹಳೆಯ ಬಾಡಿಗೆದಾರರು, ಬಿಡಿಸುವುದು ಸುಲಭವಲ್ಲ. ಇವರು ಬೇರೆಯವರು ಎಂದು ನಾವೇ ಹೇಳಿದರೆ, ಇಲ್ಲಿರಲು ನಿಮಗೇನು ಹಕ್ಕು ಎಂದು ಕೇಳುತ್ತಾರೆ.”

ಅವರ ಹಿಂದಿಯನ್ನು ಚಂಪಕ್ಕನಿಗೆ ಕನ್ನಡದಲ್ಲಿ ಹೇಳಿ, ನನ್ನದೂ ಒಂದು ಮಾತು ಸೇರಿಸಿದೆ. “ಸುಮ್ಮನಿದ್ದುಬಿಡಿ ಚಂಪಕ್ಕ. ಒಂದು ಹೆಸರು ತಾನೆ?”

“ರಾಧಕ್ಕನ ಬಾಯಾಗ ಕಡೀಗೆ ಗಂಗಾ ಹಾಕಿದಾಕಿ ನಾನು,” ಎಂದರು. “ವರ್ಷಾ ಆಕಿ ಹೆಸರು ಹೇಳಿ ತರ್ಪಣಾ ಬಿಡಸ್ತೀನಿ. ಈಗ ಆಕಿ ಜೀವಂತ ಇದ್ದಾಳ ಅಂತ ಕೋರ್ಟಿನ್ಯಾಗ ಹೇಳ್ಲೇನು?”

“ಕೋಣೆ ಹೋಗುತ್ತೆ.”

“ಹೋಗ್ಲಿ. ನಾ ಸತ್ತಾಗ ಯಾರು ಸತ್ತರು ಅಂತ ಬರಕೋತಾರೊ? ರಾಧಕ್ಕ ಎರಡನೇ ಸಲ ಸಾಯಬೇಕೇನು? ಮತ್ತ ನನ್ನ ಹೆಸರು ಎಲ್ಲಿ ಹೋಗಬೇಕು?” ನನ್ನ ಮುಖ ನೋಡಿ ಸ್ವಲ್ಪ ನಕ್ಕರು. “ನಿನಗೇನಪಾ, ಇನ್ನೊಬ್ಬರ ಹೆಸರಿನ ಬಾಗಲಾ ತಗದು ಒಳಗ ಹೋಗಿ ರೂಢಿ ಆಗ್ಯದ.”

ನಿಜ ಹೇಳುತ್ತೇನೆ. ನಾನು ಹೆದರಿದ್ದು ಅವರ ಕೋಣೆಗಾಗಿ ಅಲ್ಲ, ನನ್ನ ಭಾನುವಾರಗಳಿಗಾಗಿ. ಆ ಕೋಣೆ ಹೋದರೆ ನಾನು ಕನ್ನಡ ಮಾತಾಡುವುದು ಎಲ್ಲಿ?

ಚಂಪಕ್ಕ ಕೇಳಲಿಲ್ಲ. ‘ನಾನು ರಾಧಾಬಾಯಿ ಅಲ್ಲ’ ಎಂದು ಕೋರ್ಟಿಗೆ ಉತ್ತರ ಕೊಟ್ಟರು. ಎದುರು ವಕೀಲರು ಖುಷಿಯಿಂದ ಹೆಸರಿನ ತಿದ್ದುಪಡಿಗೆ ಅರ್ಜಿ ಹಾಕಿದರು, ಅಪ್ಪಣೆ ಸಿಕ್ಕಿತು, ಅವರೇ ಕೆಂಪು ಗೀಟೆಳೆದು ಹೊಸ ಹೆಸರು ಬರೆದರು. ನಮ್ಮ ಪ್ರತಿ ಕೈಗೆ ಬಂದಾಗ, ನಾಗರಿ ಬಾರದ ಚಂಪಕ್ಕ ಹೆಸರು ಓದೆಂದು ಅದನ್ನು ನನ್ನತ್ತ ಚಾಚಿದರು. ಓದಿದೆ.

“ಇನ್ನೊಮ್ಮೆ ಓದು,” ಎಂದರು. ಇನ್ನೊಮ್ಮೆ ಓದಿದೆ.

ವಕೀಲರು ಹೇಳಿದಂತೆಯೇ ಆಯಿತು, ಕೋಣೆ ಹೋಯಿತು. ತೆಲುಗಿನ, ಬಂಗಾಳದ ಮುದುಕಿಯರು ಸಾಲಾಗಿ ಮಲಗುವ ಧರ್ಮಶಾಲೆಯ ಹಜಾರದಲ್ಲಿ ಚಂಪಕ್ಕನಿಗೊಂದು ಮಂಚ ಸಿಕ್ಕಿತು. ಗಂಡಸರು ಒಳಗೆ ಹೋಗುವಂತಿಲ್ಲ. ಕೋಲೂರಿಕೊಂಡು ಅವರೇ ಜಗಲಿಗೆ ಬರುತ್ತಿದ್ದರು. ಅವಲಕ್ಕಿ ಇಲ್ಲ, ಕಿಟಕಿ ಇಲ್ಲ. ‘ಹೇಳಿದ್ದೆನಲ್ಲ’ ಎಂಬ ಮಾತು ನನ್ನ ಗಂಟಲಲ್ಲೇ ಇರುತ್ತಿತ್ತು, ಅದು ಅವರಿಗೂ ಗೊತ್ತಿತ್ತು. ಪರೀಕ್ಷೆ, ಚಳಿ, ಮೊಣಕಾಲು ಎಂದು ಒಂದೊಂದೇ ಭಾನುವಾರ ತಪ್ಪಿಸಿದೆ. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟೆ.

ಕಳೆದ ಮಾಘದಲ್ಲಿ ಧರ್ಮಶಾಲೆಯಿಂದ ಫೋನು ಬಂತು. “ಚಂಪಾಬಾಯಿ ಕೇ ಘರ್‌ವಾಲೇ ಬೋಲ್ ರಹೇ ಹೈಂ?” ಅವರ ಮನೆಯವರೇ ಎಂದು ಕೇಳಿದ್ದಕ್ಕೆ ಹಾಂ ಜಿ ಎಂದೆ. ಸ್ಮಶಾನದ ಘಾಟಿನಲ್ಲಿ ರಿಜಿಸ್ಟರು ಬರೆಯುವವನು ತಲೆ ಎತ್ತದೆ “ನಾಮ್?” ಎಂದ. ಹೇಳಿದೆ. ನೀಲಿ ಶಾಯಿಯಲ್ಲಿ ಬರೆದುಕೊಂಡ. ತಿದ್ದುವಂಥದ್ದೇನೂ ಇರಲಿಲ್ಲ.

ನಿನ್ನೆ ಆ ಕಾಗದದಲ್ಲಿ ಕೈ ಒರೆಸಿಕೊಳ್ಳಲಿಲ್ಲ. ಸ್ಕ್ರೂಡ್ರೈವರ್ ತಂದು ಪಾಂಡೆಯವರ ಫಲಕ ಬಿಚ್ಚಿದೆ. ರಟ್ಟಿನ ಮೇಲೆ ಅದೇ ಸೋರುವ ಪೆನ್ನಿನಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಿದೆ. ಓದಬಲ್ಲವರು ಯಾರೂ ಇಲ್ಲವೆಂದು ಗೊತ್ತಿದ್ದೇ ಅಂಟಿಸಿದೆ.

ಇವತ್ತು ಬೆಳಿಗ್ಗೆ ಹಾಲಿನವನು ಕ್ಯಾನು ಕೆಳಗಿಟ್ಟು ರಟ್ಟನ್ನೇ ನೋಡಿದ. “ಈ ಕಾ ಲಿಖಲ್ ಬಾ, ಪಾಂಡೆಜಿ?”

ಏನು ಬರೆದಿದೆ ಎಂದು ಕೇಳಿದ್ದಕ್ಕೆ ನನ್ನ ಹೆಸರು ಹೇಳಿದೆ. ಅವನು ನಾಲಿಗೆ ತಿರುಗದೆ, ಅರ್ಧಕ್ಕೇ ನಿಂತು, ಹೇಗೋ ಅದನ್ನು ಪೂರ್ತಿ ಹೇಳಿದ. ಪಾತ್ರೆ ಹಿಡಿದವನು ಹಾಗೇ ನಿಂತಿದ್ದೆ.

“ಇನ್ನೊಮ್ಮೆ ಹೇಳು,” ಎಂದೆ, ಕನ್ನಡದಲ್ಲೇ.